ಪರರ ಶಿಸ್ತು, ನಮ್ಮ ಸುಖ



ಜರ್ಮನಿಯಲ್ಲಿ ನಾಲ್ಕಾರು ವರ್ಷ ಇದ್ದು ಬಂದ ಯಾರನ್ನಾದರೂ ಕೇಳಿ ನೋಡಿ, ಅಲ್ಲಿ ನಿಮಗೆ ಹಿಡಿಸಿದ್ದೇನು ಎಂದು. ಮೊದಲು ಅವರು ವೇಗದ ಮಿತಿಯಿಲ್ಲದ ಹೆದ್ದಾರಿಗಳ ಕುರಿತು, ಕಾರುಗಳ ಕುರಿತು, ಹಿಮದ ಕುರಿತು ಹೇಳುತ್ತಾರೆ. ಇನ್ನೊಂದು ಲೋಟ ಚಹಾ ಮುಗಿಯುವ ಹೊತ್ತಿಗೆ ಮಾತು ಬೇರೆ ಕಡೆಗೆ ಹೊರಳುತ್ತದೆ. ರವಿವಾರದ ನಿಶ್ಶಬ್ದ, ಕೆಲಸ ಮುಗಿದ ಮೇಲೆ ಯಾರೂ ಕರೆಯದ ಸಂಜೆ, ಕೊಟ್ಟ ಮಾತಿಗೆ ತಪ್ಪದ ನೆರೆಮನೆಯವರು, ತನ್ನನ್ನು ಕಳ್ಳನೆಂದು ಮೊದಲೇ ಭಾವಿಸದ ಅಂಗಡಿ. ಇಂದು ಜರ್ಮನಿಯಲ್ಲಿರುವ ಭಾರತೀಯರ ಸಂಖ್ಯೆ ಎರಡು ಲಕ್ಷವನ್ನು ಮೀರಿದೆ. ಮ್ಯೂನಿಕ್, ಸ್ಟುಟ್‌ಗಾರ್ಟ್, ವಾಲ್‌ಡೋರ್ಫ್ ಮುಂತಾದೆಡೆ ಕನ್ನಡ ಮಾತನಾಡುವ ಇಂಜಿನಿಯರುಗಳೂ ವಿದ್ಯಾರ್ಥಿಗಳೂ ಇದ್ದಾರೆ. ಇವರೆಲ್ಲ ಸವಿಯುವ ಆ ಸುಖ ಎಲ್ಲಿಂದ ಬರುತ್ತದೆ? ಅದರ ಬೆಲೆಯನ್ನು ಯಾರು ಕೊಡುತ್ತಾರೆ? ಇದು ಪ್ರವಾಸ ಕಥನದ ವಿಷಯವೆಂದು ತೋರಬಹುದು. ಆದರೆ ಸ್ವಲ್ಪ ಆಳಕ್ಕಿಳಿದರೆ ಇದು ನೀತಿಯ ಪ್ರಶ್ನೆ.

ಒಂದು ಹೂವಿನ ಹೊಲದಿಂದ ಆರಂಭಿಸೋಣ. ದಕ್ಷಿಣ ಜರ್ಮನಿಯ ಪಟ್ಟಣಗಳ ಹೊರವಲಯದಲ್ಲಿ, ರಸ್ತೆಯ ಬದಿಯಲ್ಲೇ ಇಂತಹ ಹೊಲಗಳಿವೆ. ವಸಂತದಲ್ಲಿ ಟ್ಯುಲಿಪ್, ಬೇಸಿಗೆಯಲ್ಲಿ ಗ್ಲ್ಯಾಡಿಯೋಲಸ್, ಸೂರ್ಯಕಾಂತಿ, ಡೇಲಿಯಾ. ಬೇಲಿ ಇಲ್ಲ, ಕಾವಲುಗಾರನಿಲ್ಲ, ಮಾರುವವನೂ ಇಲ್ಲ. ಒಂದು ಹಲಗೆಯ ಮೇಲೆ ಯಾವ ಹೂವಿನ ಒಂದು ದಂಟಿಗೆ ಎಷ್ಟು ಎಂದು ಬರೆದಿರುತ್ತದೆ. ಕೊಯ್ಯಲು ಚಿಕ್ಕ ಚಾಕುಗಳನ್ನು ಇಟ್ಟಿರುತ್ತಾರೆ. ಕಂಬಕ್ಕೆ ಬಿಗಿದ ಕಬ್ಬಿಣದ ಡಬ್ಬಿಯಲ್ಲಿ ನಾಣ್ಯ ಹಾಕಲು ಒಂದು ಸೀಳು. ಬಂದವರು ಕೊಯ್ಯುತ್ತಾರೆ, ಎಣಿಸುತ್ತಾರೆ, ಲೆಕ್ಕ ಹಾಕಿ ಡಬ್ಬಿಗೆ ಹಾಕುತ್ತಾರೆ, ಹೋಗುತ್ತಾರೆ.

ಹೊಸದಾಗಿ ಬಂದ ವಿದೇಶೀಯನು ಅಲ್ಲಿ ನಿಂತಾಗ ಅವನ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಆಲೋಚಿಸಿ ನೋಡಿ. ಹತ್ತು ದಂಟು ಕೊಯ್ದು ಐದರ ಹಣ ಹಾಕಿದರೆ ಕೇಳುವವರಿಲ್ಲ. ಬಟ್ಟೆ ಅಂಗಡಿಯಲ್ಲಿ ಚೀಲವನ್ನು ಬಾಗಿಲಲ್ಲೇ ಇಟ್ಟು ಹೋಗಬೇಕಾದ, ಕಚೇರಿಯಲ್ಲಿ ಪ್ರತಿಯೊಂದು ಕಾಗದಕ್ಕೂ ಗಜೆಟೆಡ್ ಅಧಿಕಾರಿಯ ಸಹಿ ತರಬೇಕಾದ ವ್ಯವಸ್ಥೆಯಲ್ಲಿ ಬೆಳೆದವನಿಗೆ ಇದು ವಿಚಿತ್ರ. ಯಾರೋ ಮುಖ ಕಾಣದ ರೈತನೊಬ್ಬ, ಅವನ ಹೆಸರು, ದೇಶ, ಬಣ್ಣ ಯಾವುದನ್ನೂ ವಿಚಾರಿಸದೆ ಇಡೀ ಹೊಲವನ್ನು ಅವನ ಕೈಗೆ ಅಮಾನತ್ತಾಗಿ ಕೊಟ್ಟುಬಿಟ್ಟಿದ್ದಾನೆ. ಹೆಚ್ಚಿನವರು ಹಣ ಹಾಕುತ್ತಾರೆ. ಹಾಕಿದ ಮೇಲೆ ಅವರಿಗೆ ಒಂದು ಸಂತೋಷವಾಗುತ್ತದೆ. ಹೂವು ಅಗ್ಗವಾಗಿ ಸಿಕ್ಕಿದ್ದರಿಂದ ಬಂದ ಸಂತೋಷ ಅದಲ್ಲ. ತನ್ನನ್ನು ಒಬ್ಬರು ಪ್ರಾಮಾಣಿಕನೆಂದು ನಂಬಿದರು, ತಾನು ಆ ನಂಬಿಕೆಯನ್ನು ಉಳಿಸಿದೆ ಎಂಬುದೇ ಅದಕ್ಕೆ ಕಾರಣ. ವಿದೇಶೀಯರು ಜರ್ಮನರ ನಡುವೆ ಅನುಭವಿಸುವ ಸುಖಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ನಗರದ ರೈಲುಗಳಲ್ಲೂ ಹೀಗೆಯೇ. ಜರ್ಮನಿಯ ರೈಲು ನಿಲ್ದಾಣಗಳಲ್ಲಿ ಟಿಕೆಟು ತೋರಿಸಿದರೆ ಮಾತ್ರ ತೆರೆಯುವ ಬಾಗಿಲುಗಳಿಲ್ಲ. ನೇರವಾಗಿ ಪ್ಲಾಟ್‌ಫಾರ್ಮಿಗೆ ನಡೆದು ಹೋಗಿ ಹತ್ತಬಹುದು. (ರೈಲು ಸಮಯಕ್ಕೆ ಸರಿಯಾಗಿ ಬರುತ್ತದೆ ಎಂಬ ಹಳೆಯ ಖ್ಯಾತಿಯನ್ನು ಮಾತ್ರ ಈಗ ನಂಬಬೇಡಿ. 2024ರಲ್ಲಿ ದೂರ ಪ್ರಯಾಣದ ರೈಲುಗಳಲ್ಲಿ ಸಮಯಪಾಲನೆ ಶೇ. 62.5 ಮಾತ್ರ. ಅದೂ ಆರು ನಿಮಿಷದೊಳಗಿನ ವಿಳಂಬವನ್ನು ವಿಳಂಬವೆಂದು ಎಣಿಸದೆ! ರೈಲಿನ ಮಾತು ಬಂದಾಗ ಅಲ್ಲಿನವರು ನಮ್ಮಷ್ಟೇ ಚೆನ್ನಾಗಿ ಗೊಣಗುತ್ತಾರೆ.) ಆದರೆ ಇಲ್ಲಿ ನಂಬಿಕೆಯ ಹಿಂದೆ ಒಂದು ಬೆತ್ತವೂ ಇದೆ. ಸಾಮಾನ್ಯ ಉಡುಪಿನಲ್ಲಿರುವ ತಪಾಸಣಾಧಿಕಾರಿ ಯಾವ ಕ್ಷಣದಲ್ಲಾದರೂ ಎದ್ದು ನಿಂತು ಟಿಕೆಟು ಕೇಳಬಹುದು. ಇಲ್ಲವಾದರೆ 60 ಯೂರೋ ದಂಡ. ಮತ್ತೆ ಮತ್ತೆ ಸಿಕ್ಕಿಬಿದ್ದವನನ್ನು ಕೋರ್ಟಿಗೂ ಎಳೆಯಬಹುದು. ದಂಡ ಕಟ್ಟಲಾಗದೆ ಜೈಲು ಸೇರಿದ ಬಡವರೂ ಇದ್ದಾರೆ.

ಹಾಗಾದರೆ ಟಿಕೆಟು ಕೊಂಡವನು ಪ್ರಾಮಾಣಿಕನೋ, ಹೆದರಿದವನೋ?

ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿದವನು ಒಬ್ಬ ಜರ್ಮನ್ ಚಿಂತಕನೇ. ಇಮ್ಯಾನುಯೆಲ್ ಕಾಂಟ್ (1724-1804) ಕೋನಿಗ್ಸ್‌ಬರ್ಗ್ ಎಂಬ ಊರಿನವನು. ಆ ಊರು ಇಂದು ರಶ್ಯದಲ್ಲಿದೆ, ಅದರ ಹೆಸರೂ ಕಲಿನಿನ್‌ಗ್ರಾಡ್ ಎಂದಾಗಿದೆ. 1785ರಲ್ಲಿ ಪ್ರಕಟವಾದ ತನ್ನ ನೀತಿಶಾಸ್ತ್ರದ ಪುಸ್ತಕದಲ್ಲಿ ಆತ ಒಬ್ಬ ಅಂಗಡಿಯವನ ಉದಾಹರಣೆ ಕೊಡುತ್ತಾನೆ. ಆ ಅಂಗಡಿಯಲ್ಲಿ ಎಲ್ಲರಿಗೂ ಒಂದೇ ಬೆಲೆ. ಚಿಕ್ಕ ಮಗು ಬಂದರೂ ಮೋಸವಿಲ್ಲ. ಗಿರಾಕಿಗಳಿಗೆ ನ್ಯಾಯವೇ ಸಿಗುತ್ತದೆ. ಆದರೆ ಅಂಗಡಿಯವನು ಹಾಗೆ ಮಾಡುವುದು ತನ್ನ ವ್ಯಾಪಾರದ ಹೆಸರು ಕೆಡಬಾರದೆಂಬ ಲೆಕ್ಕಾಚಾರದಿಂದ. ಹೀಗಿರುವಾಗ ಅವನ ಕೆಲಸ ಕರ್ತವ್ಯಕ್ಕೆ ಅನುಗುಣವಾಗಿರಬಹುದು, ಆದರೆ ಕರ್ತವ್ಯಪ್ರಜ್ಞೆಯಿಂದ ಹುಟ್ಟಿದ್ದಲ್ಲ, ಆದ್ದರಿಂದ ಅದಕ್ಕೆ ನೈತಿಕ ಮೌಲ್ಯವಿಲ್ಲ ಎಂಬುದು ಕಾಂಟನ ವಾದ. ಕೆಲಸವನ್ನು ಅಳೆಯಬೇಕಾದದ್ದು ಅದರ ಹಿಂದಿನ ಸಂಕಲ್ಪದಿಂದ ಎಂಬ ಮಾತು ಈ ಪುಟಗಳ ಓದುಗರಿಗೆ ಹೊಸತೇನಲ್ಲ. ನಿಯ್ಯತ್ತಿನ ಕುರಿತು ಬಾಲ್ಯದಿಂದಲೇ ಕೇಳಿ ಬೆಳೆದವರು ನಾವು.

ಆದರೂ ಅಭ್ಯಾಸದಿಂದ ಮಾಡಿದ ಒಳಿತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಕೆಂಪು ದೀಪವಿರುವಾಗ ರಸ್ತೆಯಲ್ಲಿ ಒಂದು ವಾಹನವೂ ಇಲ್ಲದಿದ್ದರೂ ಕಾಯುತ್ತಾ ನಿಂತ ಜರ್ಮನರನ್ನು ಕಂಡು ವಿದೇಶೀಯರು ನಗುತ್ತಾರೆ. ಯಾಕೆ ನಿಂತಿದ್ದೀರಿ ಎಂದು ಕೇಳಿದರೆ ಸಿಗುವ ಉತ್ತರ ಮಾತ್ರ ನಗುವಂತಹದ್ದಲ್ಲ. ಮಕ್ಕಳು ನೋಡುತ್ತಾರೆ ಎನ್ನುತ್ತಾರೆ. ಕೆಲವು ಊರುಗಳಲ್ಲಿ ದೀಪದ ಕಂಬಕ್ಕೆ ಅದೇ ಅರ್ಥದ ಫಲಕವನ್ನೂ ಹಾಕಿದ್ದಾರೆ. ನಿಂತವರಲ್ಲಿ ಅರ್ಧದಷ್ಟು ಮಂದಿ ಬರೀ ರೂಢಿಯಿಂದ ನಿಂತಿರಬಹುದು. ಆದರೆ ಆ ರೂಢಿಯಿಂದಾಗಿ ಒಂದು ಮಗು ಸುರಕ್ಷಿತವಾಗಿ ರಸ್ತೆ ದಾಟಲು ಕಲಿಯಿತಾದರೆ, ಒಳಿತು ನಡೆದೇ ಹೋಯಿತಲ್ಲ? ಮನಸ್ಸು ಶುದ್ಧವಾಗುವ ತನಕ ಕಾಯುತ್ತೇನೆ, ಅಲ್ಲಿಯ ತನಕ ಕಸವನ್ನು ಬೀದಿಗೇ ಎಸೆಯುತ್ತೇನೆ ಎನ್ನುವವನಿಗಿಂತ, ಯಾವ ತತ್ವಜ್ಞಾನವೂ ಇಲ್ಲದೆ ಕಸವನ್ನು ಬುಟ್ಟಿಗೆ ಹಾಕುವವನೇ ಮೇಲು.

ರವಿವಾರದ ವಿಷಯಕ್ಕೆ ಬರೋಣ. ಹೊಸಬರಿಗೆ ಆ ದಿನದ ಮೊದಲ ಅನುಭವ ಸಿಟ್ಟು. ಹಾಲು ತರಲು ಮರೆತರೆ ಸೋಮವಾರದವರೆಗೆ ಕಾಯಬೇಕು. ರೈಲು ನಿಲ್ದಾಣದ ಅಂಗಡಿ, ಪೆಟ್ರೋಲ್ ಬಂಕ್, ಕೆಲವು ಗಂಟೆ ತೆರೆಯುವ ಬೇಕರಿ ಬಿಟ್ಟರೆ ಉಳಿದೆಲ್ಲವೂ ಮುಚ್ಚಿರುತ್ತವೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಹುಲ್ಲು ಕತ್ತರಿಸುವ ಯಂತ್ರ ಓಡಿಸುವಂತಿಲ್ಲ, ಖಾಲಿ ಗಾಜಿನ ಬಾಟಲಿಗಳನ್ನು ಬೀದಿಯ ಡಬ್ಬಿಗೆ ಹಾಕುವಂತೆಯೂ ಇಲ್ಲ. ಒಡೆಯುವ ಸದ್ದು ಪಕ್ಕದವರ ನೆಮ್ಮದಿ ಕೆಡಿಸುತ್ತದೆ. ಮೂರನೆಯ ತಿಂಗಳಲ್ಲೋ ಆರನೆಯ ತಿಂಗಳಲ್ಲೋ ಅದೇ ಹೊಸಬ ಕಿಟಕಿ ತೆರೆದು ಕುಳಿತಾಗ ಹಕ್ಕಿಯ ಧ್ವನಿ ಕೇಳುತ್ತದೆ. ಮಕ್ಕಳನ್ನು ಕರೆದುಕೊಂಡು ಕಾಡಿನ ದಾರಿಯಲ್ಲಿ ನಡೆಯಲು ಹೋಗುತ್ತಾನೆ. ಕೊಳ್ಳಲು ಏನೂ ಇಲ್ಲದ ದಿನ ಮನುಷ್ಯನು ಮನುಷ್ಯನ ಕಡೆಗೆ ತಿರುಗುತ್ತಾನೆ.

ಈ ವಿಶ್ರಾಂತಿ ತಾನಾಗಿ ಉಳಿದು ಬಂದದ್ದಲ್ಲ. ರವಿವಾರವೂ ಅಂಗೀಕೃತ ಹಬ್ಬದ ದಿನಗಳೂ ದುಡಿಮೆಯ ಬಿಡುವಿಗೆ ಮೀಸಲೆಂದು 1919ರ ವೈಮರ್ ಸಂವಿಧಾನದಲ್ಲಿ ಬರೆಯಲಾಗಿತ್ತು. 1949ರ ಸಂವಿಧಾನ ಆ ವಿಧಿಯನ್ನು ಹಾಗೆಯೇ ಉಳಿಸಿಕೊಂಡಿತು. ಕ್ರಿಸ್‌ಮಸ್ ಮುಂಚಿನ ನಾಲ್ಕೂ ರವಿವಾರ ಅಂಗಡಿ ತೆರೆಯಲು ಬರ್ಲಿನ್ ರಾಜ್ಯ ಅನುಮತಿ ಕೊಟ್ಟಾಗ ಚರ್ಚುಗಳು ಕೋರ್ಟಿಗೆ ಹೋದವು. 2009ರ ಡಿಸೆಂಬರ್ 1ರಂದು ಸಾಂವಿಧಾನಿಕ ನ್ಯಾಯಾಲಯವು ಆ ಅನುಮತಿ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಮೂಲದಲ್ಲಿ ಇದು ಕ್ರೈಸ್ತರ ಆರಾಧನೆಯ ದಿನ. ಆದರೆ ಚರ್ಚಿನ ಮುಖ ನೋಡದವನಿಗೂ, ತುರ್ಕಿಯಿಂದ ಬಂದ ಕಾರ್ಮಿಕನಿಗೂ, ಅಂಗಡಿಯ ಗಲ್ಲಾದಲ್ಲಿ ವಾರವಿಡೀ ಕುಳಿತ ಹೆಂಗಸಿಗೂ ಅದರ ಪಾಲು ಸಿಗುತ್ತದೆ. ವ್ಯಾಪಾರಿಗೆ ಬರಬಹುದಾಗಿದ್ದ ಒಂದು ದಿನದ ಲಾಭ, ಗಿರಾಕಿಗೆ ಸಿಗಬಹುದಾಗಿದ್ದ ಅನುಕೂಲ ಎರಡನ್ನೂ ಬಿಟ್ಟುಕೊಟ್ಟು ಕೊಂಡ ನೆಮ್ಮದಿ ಅದು.

ನೆರೆಯವರ ಹಕ್ಕಿನ ಕುರಿತು ನಾವು ಎಷ್ಟೋ ಪ್ರವಚನಗಳನ್ನು ಕೇಳಿದ್ದೇವೆ. ಅಲ್ಲಿ ಅದು ಬಾಡಿಗೆ ಕರಾರಿನಲ್ಲಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಸದ್ದು ಕೂಡದು. ಶ್ವಾಬಿಯ ಪ್ರದೇಶದಲ್ಲಿ, ಅಂದರೆ ಸ್ಟುಟ್‌ಗಾರ್ಟ್, ಟ್ಯೂಬಿಂಗನ್ ಕಡೆ, ಮೆಟ್ಟಿಲನ್ನೂ ಮನೆಯ ಮುಂದಿನ ಕಾಲುದಾರಿಯನ್ನೂ ಗುಡಿಸುವ ಸರದಿ ವಾರಕ್ಕೊಬ್ಬರದು. ಆ ವಾರ ಯಾರದೋ ಅವರ ಬಾಗಿಲಿಗೆ ಒಂದು ಫಲಕ ತೂಗುತ್ತದೆ. ವಾರ ಮುಗಿದಾಗ ಗುಡಿಸಿದವರೇ ಅದನ್ನು ಪಕ್ಕದ ಬಾಗಿಲಿಗೆ ತೂಗಿಸುತ್ತಾರೆ. ಡಾಕ್ಟರನಾಗಲಿ, ಕಂಪೆನಿಯ ಮ್ಯಾನೇಜರನಾಗಲಿ, ನಿನ್ನೆ ಬೆಂಗಳೂರಿನಿಂದ ಬಂದಿಳಿದವನಾಗಲಿ, ಫಲಕ ಬಂದಾಗ ಪೊರಕೆ ಹಿಡಿಯಬೇಕು. (ಕನ್ನಡಿಗರಿಗೆ ಆ ಸೀಮೆ ಪೂರ್ತಿ ಅಪರಿಚಿತವಲ್ಲ. ಮಂಗಳೂರಿನಿಂದ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಆ ಕಡೆಯವರು. ಕನ್ನಡದ ದೊಡ್ಡ ನಿಘಂಟು ಕೊಟ್ಟ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ.) ನಮ್ಮಲ್ಲಿಂದ ಹೋದವರಲ್ಲಿ ಕೆಲವರಿಗೆ ಪೊರಕೆ ಹಿಡಿಯುವುದು ಅವಮಾನವೆನಿಸುತ್ತದೆ. ಇನ್ನು ಕೆಲವರು ಹೇಳುವುದನ್ನು ಕೇಳಿ: ನೀನು ಹೊರಗಿನವನು, ನಿನಗೆ ಗೊತ್ತಾಗದು ಎಂದು ಯಾರೂ ರಿಯಾಯಿತಿ ತೋರಲಿಲ್ಲ, ಆಗಲೇ ನಾನು ಆ ಮನೆಯವರಲ್ಲೊಬ್ಬ ಎನಿಸಿತು.

ಮಾತಿನ ವಿಷಯದಲ್ಲೂ ವಿದೇಶೀಯರಿಗೆ ಮೊದಲು ನೋವು, ಆಮೇಲೆ ನಿರಾಳ. ಜರ್ಮನ್ ಸಹೋದ್ಯೋಗಿ ‘ಆಗದು’ ಎಂದರೆ ಆಗದು. ನಿಮ್ಮ ಕೆಲಸ ಚೆನ್ನಾಗಿಲ್ಲವೆಂದರೆ ಸುತ್ತಿ ಬಳಸದೆ ಮುಖಕ್ಕೇ ಹೇಳುತ್ತಾನೆ. ನಾವಾದರೋ ‘ಒಮ್ಮೆ ಮನೆಗೆ ಬನ್ನಿ’ ಎಂದು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದವರಿಗೆಲ್ಲ ಹೇಳುತ್ತೇವೆ, ಬಂದುಬಿಟ್ಟಾರೋ ಎಂದು ಒಳಗೊಳಗೇ ಹೆದರುತ್ತೇವೆ! ಅವನು ಹಾಗೆ ಹೇಳುವುದು ಅಪರೂಪ. ಹೇಳಿದನೆಂದರೆ ಡೈರಿ ತೆಗೆದು ದಿನ, ಗಂಟೆ ಗೊತ್ತು ಮಾಡುತ್ತಾನೆ, ಆ ಗಂಟೆಗೆ ಬಾಗಿಲಲ್ಲಿ ಕಾಯುತ್ತಿರುತ್ತಾನೆ. ಪರಿಚಿತನಿಗೆ ಒಂದು ಶಬ್ದ, ಸ್ನೇಹಿತನಿಗೆ ಬೇರೆಯೇ ಒಂದು ಶಬ್ದ ಅವರ ಭಾಷೆಯಲ್ಲಿದೆ. ಮೊದಲನೆಯದರಿಂದ ಎರಡನೆಯದಕ್ಕೆ ದಾಟಲು ವರ್ಷಗಳೇ ಬೇಕು. ಈ ಮಧ್ಯದ ವರ್ಷಗಳಲ್ಲಿ ವಿದೇಶೀಯರು ಪಡುವ ಒಂಟಿತನ ಸಣ್ಣದಲ್ಲ. ಜ್ವರ ಬಂದು ಮಲಗಿದರೆ ಗಂಜಿ ತಂದುಕೊಡುವ ಪಕ್ಕದ ಮನೆಯ ಅಮ್ಮ ಅಲ್ಲಿ ತಾನಾಗಿ ಬರುವುದಿಲ್ಲ. ಸದ್ದು ಮಾಡದ ನೆರೆಮನೆ ಕೆಲವೊಮ್ಮೆ ವಿಚಾರಿಸದ ನೆರೆಮನೆಯೂ ಆಗಿರುತ್ತದೆ. ಪರರಿಗೆ ತೊಂದರೆ ಕೊಡದಿರುವುದು ಹಕ್ಕಿನ ಅರ್ಧ ಭಾಗ ಮಾತ್ರ.

ಈಗ ಬೆಲೆಯ ಮಾತು. ಜರ್ಮನಿಯಲ್ಲಿ ಒಂದು ದಿನದ ಕೆಲಸ ಮುಗಿದ ಬಳಿಕ ಮುಂದಿನ ಕೆಲಸ ಆರಂಭವಾಗುವುದಕ್ಕೆ ಮೊದಲು ಸಾಮಾನ್ಯವಾಗಿ 11 ಗಂಟೆಗಳ ಬಿಡುವು ಇರಲೇಬೇಕೆಂಬುದು 1994ರ ಕಾನೂನು. ಸಂಜೆಯಾಯಿತೆಂದರೆ ಮೇಲಧಿಕಾರಿ ಫೋನು ಮಾಡುವುದಿಲ್ಲ. ಅಲ್ಲಿಗೆ ಹೋದ ನಮ್ಮ ಇಂಜಿನಿಯರುಗಳು ಅತಿ ಹೆಚ್ಚು ಹೊಗಳುವುದು ಇದನ್ನೇ. ಆದರೆ ಮ್ಯೂನಿಕ್‌ನಲ್ಲಿ ಸಂಜೆ 4 ಗಂಟೆಯೆಂದರೆ ಬೆಂಗಳೂರಿನಲ್ಲಿ, ಅವರ ಬೇಸಿಗೆಯಲ್ಲಾದರೆ ರಾತ್ರಿ 7.30, ಚಳಿಗಾಲದಲ್ಲಾದರೆ 8.30. ಮ್ಯೂನಿಕ್‌ನವರು ದಿನದ ಕೊನೆಯ ಸಭೆ ಮುಗಿಸಿ ನೆಮ್ಮದಿಯಾಗಿ ಮನೆಗೆ ಹೊರಡುವಾಗ ಬೆಂಗಳೂರಿನ ಸಹೋದ್ಯೋಗಿಯ ಮಕ್ಕಳು ಊಟ ಮಾಡಿ ನಿದ್ದೆಗೆ ಜಾರಿರುತ್ತಾರೆ. ಆ ಸಭೆಯನ್ನು ಸಂಜೆ ನಾಲ್ಕಕ್ಕೆ ಇಟ್ಟವನು ಅನೇಕ ವೇಳೆ ಜರ್ಮನ್ ಆಗಿರುವುದಿಲ್ಲ. ಮೂರು ವರ್ಷದ ಹಿಂದೆ ಇದೇ ಬೆಂಗಳೂರಿನಲ್ಲಿ ಕುಳಿತು ರಾತ್ರಿಯ ಕರೆಗಳನ್ನು ಶಪಿಸುತ್ತಿದ್ದ ನಮ್ಮವನೇ ಆಗಿರುತ್ತಾನೆ. ಅದನ್ನು ಬೆಳಿಗ್ಗೆ 9ಕ್ಕೆ ಇಡಲು ಅವನಿಗೆ ಯಾವ ಕಾನೂನೂ ಅಡ್ಡಿಯಿಲ್ಲ. ತಾನು ಸವಿದ ಬಿಡುವನ್ನು ಇನ್ನೊಬ್ಬನಿಗೂ ದೊರಕಿಸಬೇಕೆಂದು ಅವನಿಗೆ ಹೊಳೆಯಲಿಲ್ಲ, ಅಷ್ಟೆ. ಈ ಲೇಖನವನ್ನು ಅಂತಹ ಒಬ್ಬರು ಓದುತ್ತಿದ್ದರೆ, ನಾಳೆಯ ಸಭೆಯ ಸಮಯವನ್ನು ಒಮ್ಮೆ ನೋಡಲಿ.

ಶುಚಿಯಾದ ಆ ಬೀದಿಗಳಲ್ಲೇ ಇನ್ನೊಂದು ದೃಶ್ಯವಿದೆ. ನೀರಿನ, ಪಾನೀಯದ ಬಾಟಲಿ ಕೊಳ್ಳುವಾಗ ಠೇವಣಿ ಕೊಡಬೇಕು. ಪ್ಲಾಸ್ಟಿಕ್ ಬಾಟಲಿಗೂ ಡಬ್ಬಿಗೂ ಸಾಮಾನ್ಯವಾಗಿ 25 ಸೆಂಟ್. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಅದು ಮರಳಿ ಸಿಗುತ್ತದೆ. ವಿದೇಶೀಯರು ಮೆಚ್ಚುವ ವ್ಯವಸ್ಥೆ. ಆದರೆ ಕಸದ ಬುಟ್ಟಿಗಳಲ್ಲಿ ಕೈಹಾಕಿ ಬೇರೆಯವರು ಎಸೆದ ಬಾಟಲಿ ಹುಡುಕುವ ಮುದುಕರನ್ನೂ ಅಲ್ಲಿ ಕಾಣಬಹುದು. ಸಿರಿವಂತ ದೇಶದಲ್ಲಿ ಪಿಂಚಣಿ ಸಾಲದವರು. ಅವರಿಗೆ ಕೈ ಹೊಲಸಾಗದಿರಲೆಂದು ಖಾಲಿ ಬಾಟಲಿಯನ್ನು ಬುಟ್ಟಿಯ ಒಳಗೆ ಹಾಕದೆ ಪಕ್ಕದಲ್ಲಿ ನಿಲ್ಲಿಸಿ ಹೋಗುವವರಿದ್ದಾರೆ. ಯಾವ ನಿಯಮವೂ ಹಾಗೆ ಮಾಡಲು ಹೇಳಿಲ್ಲ. ಕಾಂಟನ ಅಂಗಡಿಯವನಿಗಿಂತ ಈ ಬಾಟಲಿ ನಿಲ್ಲಿಸಿದವನ ಹತ್ತಿರ ನನಗೆ ಹೆಚ್ಚು ಗೌರವ.

ನಿಯಮವನ್ನು ಪಾಲಿಸುವುದರಲ್ಲೇ ಎಲ್ಲವೂ ಇದೆ ಎಂದುಕೊಂಡರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಆ ದೇಶದ ಚರಿತ್ರೆಗಿಂತ ಬೇರೆ ಸಾಕ್ಷಿ ಬೇಡ. ಹಿಟ್ಲರನ ಕಾಲದಲ್ಲಿ ಯಹೂದಿಯರನ್ನು ಸಾವಿನ ಶಿಬಿರಗಳಿಗೆ ಸಾಗಿಸಿದ್ದು ಸರಕಾರಿ ರೈಲ್ವೆ. ಅದಕ್ಕೂ ದರಪಟ್ಟಿ ಇತ್ತು. ಕಿಲೋಮೀಟರಿಗೆ ಇಷ್ಟೆಂದು ಲೆಕ್ಕ, ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ ದರ, ನಾಲ್ಕು ವರ್ಷದೊಳಗಿನವರಿಗೆ ಉಚಿತ. ಹೋಗುವ ದಾರಿಗೆ ಮಾತ್ರ ಟಿಕೆಟು. ಲೆಕ್ಕ ಬರೆದ ಗುಮಾಸ್ತ ಒಂದು ಪೈಸೆಯನ್ನೂ ಕದ್ದಿರಲಾರ. ಈ ಸಾಗಾಟದ ವ್ಯವಸ್ಥಾಪಕರಲ್ಲಿ ಮುಖ್ಯನಾದ ಐಖ್‌ಮನ್‌ನನ್ನು 1961ರಲ್ಲಿ ಜೆರುಸಲೇಮಿನಲ್ಲಿ ವಿಚಾರಣೆಗೆ ಗುರಿಪಡಿಸಿದಾಗ, ತಾನು ಕಾಂಟ್ ಹೇಳಿದ ಕರ್ತವ್ಯದಂತೆ ಬಾಳಲು ಯತ್ನಿಸಿದವನೆಂದು ಅವನು ಹೇಳಿಕೊಂಡ! ಕಾಂಟ್ ಹೇಳಿದ್ದು ತನ್ನ ವಿವೇಕವೇ ತನಗೆ ವಿಧಿಸುವ ಕರ್ತವ್ಯವನ್ನು. ಮೇಲಿನವನ ಆಜ್ಞೆಯನ್ನು ಆ ಜಾಗದಲ್ಲಿ ಕೂರಿಸಿದವನು ಐಖ್‌ಮನ್.

ಇಂದಿನ ಜರ್ಮನಿ ಇದನ್ನು ಮರೆತಿಲ್ಲ. ಮನುಷ್ಯನ ಘನತೆಗೆ ಧಕ್ಕೆ ತರುವ ಆಜ್ಞೆಯನ್ನು ಪಾಲಿಸದ ಸೈನಿಕ ಅವಿಧೇಯನಲ್ಲ, ಅಪರಾಧವೆಸಗುವಂತೆ ಆಜ್ಞೆ ಬಂದರೆ ಅದನ್ನು ಪಾಲಿಸಲೇಬಾರದು ಎಂದು 1956ರ ಸೈನಿಕರ ಕಾಯಿದೆಯಲ್ಲೇ ಬರೆದಿದ್ದಾರೆ. ಶಿಸ್ತಿಗೆ ಹೆಸರಾದ ಜನ ತಮ್ಮ ಸೈನ್ಯಕ್ಕೆ ಅವಿಧೇಯತೆಯ ಹಕ್ಕನ್ನು ಕೊಟ್ಟದ್ದು ಸಣ್ಣ ಸಂಗತಿಯಲ್ಲ. ಹಾಗೆಂದು ಆ ವಿಷ ಪೂರ್ತಿ ಹೋಯಿತೆಂದೂ ಹೇಳುವಂತಿಲ್ಲ. 1993ರಲ್ಲಿ ಝೋಲಿಂಗನ್‌ನಲ್ಲಿ ತುರ್ಕಿ ಮೂಲದ ಕುಟುಂಬವೊಂದರ ಮನೆಗೆ ಬೆಂಕಿ ಹಚ್ಚಿ ಐವರು ಹೆಣ್ಣುಮಕ್ಕಳನ್ನು ಕೊಂದರು. 2020ರ ಫೆಬ್ರವರಿಯಲ್ಲಿ ಹಾನೌ ಎಂಬಲ್ಲಿ ವಲಸಿಗ ಮೂಲದ ಒಂಬತ್ತು ಮಂದಿಯನ್ನು ಗುಂಡಿಕ್ಕಿ ಕೊಂದರು. 1961ರ ಒಪ್ಪಂದದಂತೆ ಕಾರ್ಖಾನೆ, ಗಣಿಗಳಲ್ಲಿ ದುಡಿಯಲು ಕರೆಸಿಕೊಂಡ ತುರ್ಕಿಯವರನ್ನು ದೀರ್ಘಕಾಲ ‘ಅತಿಥಿ ಕಾರ್ಮಿಕರು’ ಎಂದೇ ಕರೆದರು. ಅತಿಥಿಯೆಂದರೆ ಹೊರಟು ಹೋಗಬೇಕಾದವನು ಎಂಬ ಅರ್ಥದಲ್ಲಿ. ಒಳ್ಳೆಯ ಸಂಬಳದ ಕಾಗದ ಹಿಡಿದು ವಿಮಾನದಲ್ಲಿ ಬಂದಿಳಿದವನು ಸವಿಯುವ ಜರ್ಮನಿಯೂ, ಆ ಕಾರ್ಮಿಕನ ಮೊಮ್ಮಗಳು ಬಾಡಿಗೆ ಮನೆ ಹುಡುಕುವಾಗ ಕಾಣುವ ಜರ್ಮನಿಯೂ ಯಾವಾಗಲೂ ಒಂದೇ ಆಗಿರುವುದಿಲ್ಲ.

ಅಲ್ಲಿನ ಕಾಲುದಾರಿಗಳಲ್ಲಿ ನಡೆಯುವಾಗ ಕಲ್ಲುಗಳ ನಡುವೆ ಅಂಗೈಯಗಲದ ಹಿತ್ತಾಳೆಯ ತಗಡುಗಳು ಕಣ್ಣಿಗೆ ಬೀಳುತ್ತವೆ. ಅವುಗಳ ಹೆಸರಿನ ಅರ್ಥ ‘ಎಡವುಗಲ್ಲು’. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1992ರಲ್ಲಿ ಕಲೋನ್ ನಗರದಲ್ಲಿ ಆರಂಭಿಸಿದ ಕೆಲಸ ಇದು. ಆ ಮನೆಯಲ್ಲಿ ಹಿಂದೆ ಯಾರಿದ್ದರು, ಯಾವ ವರ್ಷ ಎಲ್ಲಿಗೆ ಸಾಗಿಸಿದರು, ಎಲ್ಲಿ ಕೊಂದರು ಎಂದು ಒಂದೊಂದು ಕಲ್ಲಿನ ಮೇಲೂ ಕೆತ್ತಿದೆ. ಯುರೋಪಿನಾದ್ಯಂತ ಇವುಗಳ ಸಂಖ್ಯೆ 2023ರಲ್ಲಿ ಒಂದು ಲಕ್ಷ ಮುಟ್ಟಿತು. ಹಿತ್ತಾಳೆ ಕಪ್ಪಾಗುತ್ತದೆ. 1938ರಲ್ಲಿ ಯಹೂದಿಯರ ಆರಾಧನಾಲಯಗಳಿಗೆ ಬೆಂಕಿಯಿಟ್ಟ ರಾತ್ರಿಯ ನೆನಪಿನಲ್ಲಿ, ಪ್ರತಿ ವರ್ಷ ನವೆಂಬರ್ 9ರಂದು, ಆ ಬೀದಿಯವರು ಬಟ್ಟೆ, ಪುಡಿ, ನೀರು ತಂದು ನೆಲದಲ್ಲಿ ಮೊಣಕಾಲೂರಿ ಅವನ್ನು ಉಜ್ಜುತ್ತಾರೆ. ಈ ಕೆಲಸಕ್ಕೆ ಬಾಗಿಲಿಗೆ ತೂಗುವ ಫಲಕವಿಲ್ಲ, ಯಾರ ಸರದಿಯೂ ಅಲ್ಲ. ಅಲ್ಲಿ ಬಾಡಿಗೆಗಿರುವ ಪರದೇಶದವರೂ ಬಟ್ಟೆ ಹಿಡಿದು ಕುಳಿತುಕೊಳ್ಳಬಹುದು.